ಶಾಲಿನ ಇನ್ನೊಂದು ತುದಿ

"ಮತ್ತೆ ಸಡಿಲ ಬಿಟ್ಟೆ ನೋಡು!" ಸೂಲಗಿತ್ತಿ ಎಪಿಫಾನಿಯಾ ಗದರಿದಳು. ಚಾಪೆಯ ಮೇಲೆ ಮಲಗಿದ್ದ ಬಾಣಂತಿ ಮಾರಿಸೋಲ್‌ಳ ಸೊಂಟ ಬಳಸಿದ್ದ ಶಾಲಿನ ಒಂದು ತುದಿ ಮುದುಕಿಯ ಕೈಯಲ್ಲಿ, ಇನ್ನೊಂದು ಕಲಿಯಲು ಬಂದ ಒದಿಲಿಯಾಳ ಕೈಯಲ್ಲಿ. "ತಲೆ, ಭುಜ ಎಲ್ಲಾ ಸರಿಯಾಗೇ ಬಿಗೀತೀಯ. ಹೆರಿಗೇಲಿ ತೆರೆದಿರೋ ಸೊಂಟ ಮತ್ತೆ ಕೂಡಿಸೋಕೆ ಬಂದ್ರೆ ಕೈಗೇನಾಗುತ್ತೆ?"

"ಎಷ್ಟು ಬಿಗೀಬೇಕೋ ಗೊತ್ತಾಗಲ್ಲ ಅವ್ವ." ಒದಿಲಿಯಾಳ ದನಿ ಸೋತಿತ್ತು. "ನಂಗ್ಯಾರೂ ಕಟ್ಟಲಿಲ್ಲ. ಹೆತ್ತ ಮೂರನೇ ದಿನಕ್ಕೇ ಜೋಳ ಅರೆಯೋಕೆ ಕೂತೆ. ಹನ್ನೊಂದು ವರ್ಷ ಆಯ್ತು."

ಮುದುಕಿ ಇನ್ನೊಮ್ಮೆ ಗಟ್ಟಿಯಾಗಿ ಎಳೆಸಿ, ಬಾಣಂತಿಯನ್ನು ಎಬ್ಬಿಸಿ ಪಕ್ಕಕ್ಕೆ ಕೂರಿಸಿ, ಮಗುವನ್ನು ಅವಳ ಮಡಿಲಿಗಿಟ್ಟಳು. ಒದಿಲಿಯಾ ಶಾಲು ಮಡಿಸಹೊರಟಾಗ ಚಾಪೆ ತೋರಿಸಿ, "ಮಲಗು" ಎಂದಳು.

"ಇಷ್ಟು ವರ್ಷ ಆದ್ಮೇಲಾ?"

"ಮೂಳೆಗೇನು ಕ್ಯಾಲೆಂಡರ್ ಗೊತ್ತಾ? ಮಲಗೇ."

ಒದಿಲಿಯಾ ಮಲಗಿದಳು. ಮುದುಕಿ ಅವಳ ಸೊಂಟಕ್ಕೆ ಶಾಲು ಬಳಸಿದಳು. ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. ಮಾರಿಸೋಲ್ ಮಗುವನ್ನು ಪಕ್ಕಕ್ಕೆ ಮಲಗಿಸಿ, ಕೂತಲ್ಲಿಂದಲೇ ಕೈ ಚಾಚಿದಳು.

"ಕೊಡಿ ಅಜ್ಜಿ. ಎಷ್ಟು ಬಿಗೀಬೇಕು ಅಂತ ನಂಗೀಗ ಗೊತ್ತು."