ಸಾವ್ಕಾರ್ರು ಸತ್ತಿಲ್ಲ

ಊರವರು ಸಾವ್ಕಾರ್ರು ಎಂದೇ ಕರೆಯುತ್ತಿದ್ದ ಶಾಸಕರು ತೀರಿಕೊಂಡರು. ಉಪಚುನಾವಣೆಗೆ ನಿಲ್ಲಲಿದ್ದ ಮಗ ಸಂತಾಪ ಸಭೆಯಲ್ಲೇ ಜನರನ್ನು ಗೆಲ್ಲಬೇಕಿತ್ತು.

"ಒಂದೇ ಮಾತು ಹಿಡ್ಕೊಳ್ಳಿ. ಜನರ ಬಾಯಿಗೆ ಬರೋವರೆಗೂ ಬಿಡಬೇಡಿ," ಎಂದಿದ್ದ ಭಾಷಣ ಬರೆದುಕೊಟ್ಟವನು.

ಮಗ ಮೈಕ್ ಹಿಡಿದ. "ನೀರಿನ ಟ್ಯಾಂಕ್ ನೋಡಿ, ಸಾವ್ಕಾರ್ರು ಸತ್ತಿಲ್ಲ! ಬಸ್ ಸ್ಟ್ಯಾಂಡ್ ನೋಡಿ, ಸಾವ್ಕಾರ್ರು ಸತ್ತಿಲ್ಲ! ನನ್ನ ಮೂಗು ನೋಡಿ..."

"ಸಾವ್ಕಾರ್ರು ಸತ್ತಿಲ್ಲ!" ಎಂದು ಮೈದಾನವೇ ಗುಡುಗಿತು. ಹೆಂಗಸರು ಕಣ್ಣೊರೆಸಿಕೊಂಡರು, ಹುಡುಗರು ಶಿಳ್ಳೆ ಹೊಡೆದರು.

ಇದೇ ಹದವೆಂದು ಮಗ ಕೈಮುಗಿದ. "ಹಾಗಾದ್ರೆ ಈ ಸಲ ನಿಮ್ಮ ವೋಟು ಯಾರಿಗೆ?"

"ಸಾವ್ಕಾರ್ರಿಗೇ!"

"ಅಲ್ಲ... ನಿಂತಿರೋದು ನಾನು."

ಮುಂದಿನ ಸಾಲಿನ ಅಜ್ಜಿ ಎದ್ದು ನಿಂತಳು. "ಅಪ್ಪ ಬದುಕಿರುವಾಗ್ಲೇ ಕುರ್ಚಿಗೆ ಕಣ್ಣು ಹಾಕ್ತೀಯಾ? ನಾಚ್ಕೆ ಆಗಲ್ವೇನೋ!"