ತಣ್ಣನೆಯ ಹಣೆ

ಹೂವಿನ ಕಂಪನಿಯ ತಂಪು ಕೋಣೆಯ ಬಾಗಿಲಲ್ಲಿ ಮೀಸೆ ಮೇಸ್ತ್ರಿ ಜ್ವರ ನೋಡುವ ಗನ್ನನ್ನು ಅತ್ತಿಗೆಯ ಹಣೆಗೆ ಹಿಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಅವಳ ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು. ಕತ್ತು ಕೆಂಡವಾಗಿತ್ತು. ಗನ್ನು ಮಾತ್ರ ಹಸಿರು ದೀಪ ತೋರಿಸಿ ಕುಯ್ಯೆಂದಿತು.

“ಫಸ್ಟ್ ಕ್ಲಾಸ್! ಇನ್ನೂ ಸ್ವಲ್ಪ ತಣ್ಣಗಾದ್ರೆ ನಿನ್ನನ್ನೂ ಹೂವಿನ ಜೊತೆ ಪೆಟ್ಟಿಗೇಲಿ ಹಾಕಿ ಕಳಿಸ್ಬಿಡ್ತೀನಿ,” ಎಂದು ಮೇಸ್ತ್ರಿ ನಕ್ಕ.

ಕೆಲಸಕ್ಕೆ ಬರುವಾಗಲೇ ಗೇಟಿನಲ್ಲಿ ಜ್ವರ ನೋಡಬೇಕೆಂಬುದು ಕಂಪನಿಯ ನಿಯಮ. ಗೇಟಿನ ತನಕ ನಡೆಯಲು ಮೇಸ್ತ್ರಿಗೆ ಮೈಭಾರ. ಗನ್ನನ್ನು ತಂಪು ಕೋಣೆಯ ಬಾಗಿಲ ಮೊಳೆಗೆ ತೂಗುಹಾಕಿಕೊಂಡಿದ್ದ. ಹೂ ಕಟ್ಟುವವರು ಬಿಡುವಿಗೆಂದು ಹೊರಗೆ ಬರುವಾಗ ಒಬ್ಬೊಬ್ಬರ ಹಣೆಗೂ ಹಿಡಿಯುತ್ತಿದ್ದ. ಬೆಳಗಿನಿಂದ ಥಂಡಿಯಲ್ಲಿ ನಿಂತ ಹಣೆ ಯಾವ ಜ್ವರದ ಸುದ್ದಿ ಹೇಳೀತು? ಇದು ಮೇಸ್ತ್ರಿಗೆ ಹೊಳೆದಿರಲಿಲ್ಲ. ಹೊಳೆದಿದ್ದವರು ಬಾಯಿ ಬಿಟ್ಟಿರಲಿಲ್ಲ.

ಬಿಡುವು ಮುಗಿದು ಅತ್ತಿಗೆ ಮತ್ತೆ ಒಳಗೆ ಹೋದಳು. ಜೊತೆಗೇ ಕೆಲಸ ಮಾಡುವ ನಾದಿನಿ ಕರೆದೂ ಕರೆದೂ ಇಡೀ ಕೋಣೆಗೆ ಅವಳು ಅತ್ತಿಗೆಯೇ ಆಗಿಬಿಟ್ಟಿದ್ದಳು. ಒಳಗೆ ಮಂಜು ನೆಲದ ಮೇಲೆ ಮೆಲ್ಲಗೆ ಹರಿದಾಡುತ್ತಿತ್ತು. ಬಕೆಟ್ಟುಗಳ ತುಂಬ ಬಿಳಿ ಸುಗಂಧರಾಜ. ಈಚೆಗೆ ಎಲ್ಲೆಲ್ಲೂ ಬಿಳಿ ಹೂವಿಗೇ ಬೇಡಿಕೆ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಅವಳು ಕಾಂಡ ಕತ್ತರಿಸುತ್ತಿದ್ದಳು, ಕತ್ತರಿಯ ಸದ್ದು ಮಾತ್ರ ಎಲ್ಲೋ ದೂರದ ಮನೆಯಿಂದ ಬರುತ್ತಿತ್ತು. ಹೂಗಳೆಲ್ಲ ಒಟ್ಟಿಗೆ ಉಸಿರೆಳೆದುಕೊಂಡು ಒಟ್ಟಿಗೆ ಬಿಡುತ್ತಿರುವಂತೆ ಕಂಡವು. ಮಂಜಿನೊಳಗಿಂದ, ತೀರಿಹೋದ ಅಮ್ಮ ಬಂದು ಬಕೆಟ್ಟಿನ ಅಂಚಿನಲ್ಲಿ ಕೂತಳು. “ಇಷ್ಟು ಚಳೀಲಿ ಏನೇ ಮಾಡ್ತಿದ್ದೀಯ? ಬಾ, ಮಲಕ್ಕೋ,” ಎಂದಳು. ಅತ್ತಿಗೆಗೆ ಅಳುವೂ ಬಂತು, ಸುಖವೂ ಆಯಿತು. “ಬಂದೆ ಅಮ್ಮಾ,” ಎಂದಳು.

“ಅತ್ತಿಗೇ!” ನಾದಿನಿ ತೋಳು ಹಿಡಿದು ಅಲುಗಿಸಿದಳು. “ಯಾರ ಜೊತೆ ಮಾತಾಡ್ತಿದ್ದೀರಿ? ಮೈ ಸುಡ್ತಾ ಇದೆ. ನಡೀರಿ, ಆಸ್ಪತ್ರೆಗೆ ಹೋಗೋಣ.”

“ಹೋಗಿ? ಅಲ್ಲಿ ಮೊದಲು ವಿಮೆ ಕಾರ್ಡ್ ಇದೆಯಾ ಅಂತಾರೆ. ಜ್ವರ ಇದೆಯಾ ಅನ್ನೋದು ಆಮೇಲೆ. ಗುತ್ತಿಗೆಯವರಿಗೆ ಎಲ್ಲಿಯ ಕಾರ್ಡು? ಮನೇಲಿ ಮಲಗಿದ್ರೆ ನಾಳೆ ನನ್ನ ಜಾಗದಲ್ಲಿ ಇನ್ನೊಬ್ಬಳು ನಿಂತಿರ್ತಾಳೆ. ನಿನ್ನಣ್ಣ ಬೇರೆ ಕೆಲಸ ಕಳ್ಕೊಂಡು ಕೂತಿದಾರೆ. ಗನ್ನೇ ಸುಮ್ಮನಿದೆ, ನೀನೂ ಸುಮ್ಮನಿರು.”

ಅಷ್ಟರಲ್ಲಿ ಮೇಸ್ತ್ರಿ ಒಳಗೆ ಬಂದ. ಕೈಯಲ್ಲಿ ಮೊಬೈಲು, ಕೊರಳಲ್ಲಿ ಕಂಪನಿ ಕೊಟ್ಟ ವಿಮೆ ಕಾರ್ಡು. ಮಾಸ್ಕು ಗಲ್ಲಕ್ಕೆ ಜಾರಿ ಕೂತಿತ್ತು. ಆ ಮೀಸೆಯ ಮೇಲೆ ಯಾವ ಮಾಸ್ಕೂ ನಿಲ್ಲುತ್ತಿರಲಿಲ್ಲ. ಒಳ್ಳೆಯ ಮನುಷ್ಯ. ಎಲ್ಲರ ಹತ್ತಿರ ಹೋಗಿ, ಪಕ್ಕದಲ್ಲೇ ನಿಂತು ಮಾತಾಡಿಸುವವನು. ಈ ಕಾಲಕ್ಕೆ ಅದೇ ಎಡವಟ್ಟು.

“ಕೇಳಿದ್ರಾ? ಎಲ್ಲರಿಗೂ ವಿಮೆ ಇರೋ ದೇಶಗಳಲ್ಲಿ ಈ ರೋಗಕ್ಕೆ ಸತ್ತೋರು ಕಡಿಮೆನಾ ಅಂತ ತಜ್ಞರು ಕಿತ್ತಾಡ್ತಿದಾರೆ. ಹೌದು ಅಂತ ಒಬ್ಬ, ಹಾಗೇನಿಲ್ಲ ಅಂತ ಇನ್ನೊಬ್ಬ. ನಮಗ್ಯಾಕೆ ಆ ಚಿಂತೆ, ನಮ್ಮಲ್ಲೂ ವಿಮೆ ಇದೆಯಲ್ಲ.”

“ಯಾರಿಗಿದೆ ಸಾರ್?” ಎಂದಳು ನಾದಿನಿ.

“ನನಗೆ,” ಎಂದ ಮೇಸ್ತ್ರಿ, ಏನೂ ಕಪಟವಿಲ್ಲದೆ. ಮೊಬೈಲನ್ನು ಅತ್ತಿಗೆಯ ಮುಖದ ಹತ್ತಿರ ತಂದ. “ಅದಿರಲಿ, ಇಲ್ನೋಡು. ನನ್ನ ಮಗಳಿಗೆ ಹೆರಿಗೆ ಆಯ್ತು. ಸಂಜೆ ಹೋಗಿ ಎತ್ಕೋಬೇಕು.”

ಪುಟ್ಟ ಕೂಸು ಮುಷ್ಟಿ ಬಿಗಿಹಿಡಿದು ಮಲಗಿತ್ತು. ಜ್ವರದ ಕಣ್ಣಿಗೆ ಅದು ಅಲ್ಲೇ, ಮಂಜಿನಲ್ಲೇ ಮಲಗಿರುವಂತೆ ಕಂಡಿತು. ಅತ್ತಿಗೆ ಕತ್ತರಿ ಕೆಳಗಿಟ್ಟಳು. ಮನೆಯಲ್ಲಿ ಕೂತ ಗಂಡನ ಮುಖ ಒಮ್ಮೆ ಬಂದು ಹೋಯಿತು. ಹೋದರೆ ಹೋಗಲಿ ಕೆಲಸ.

“ಮಗೂನ ಮುಟ್ಟಬೇಡಿ ಸಾರ್. ನನಗೆ ಜ್ವರ ಇದೆ. ಇವತ್ತಿಂದಲ್ಲ. ದಿನಾ ನನ್ನ ಪಕ್ಕದಲ್ಲೇ ನಿಂತು ಮಾತಾಡಿದೀರಿ.”

ಮೇಸ್ತ್ರಿಯ ನಗು ಅರ್ಧಕ್ಕೆ ನಿಂತಿತು. ಹೋಗಿ ಗನ್ನು ತಂದು ಅವಳ ಹಣೆಗೆ ಹಿಡಿದ. ಹಸಿರು ದೀಪ. ಅವನಿಗೆ ಜೀವ ಬಂದಂತಾಯಿತು.

“ಮೆಷಿನ್ ಸುಳ್ಳು ಹೇಳುತ್ತಾ? ರಜಾ ಬೇಕಾದ್ರೆ ನೇರವಾಗಿ ಕೇಳು ಮಾರಾಯ್ತಿ, ಹೀಗೆಲ್ಲ ಹೆದರಿಸ್ಬೇಡ.”

“ಹಣೆ ಬಿಡಿ ಸಾರ್, ಕತ್ತು ಮುಟ್ಟಿ ನೋಡಿ,” ಎಂದಳು ನಾದಿನಿ.

“ಆಯ್ತಮ್ಮಾ, ಇದೆ ಅಂತಾನೇ ಇಟ್ಕೋ. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ? ನನಗೇನೂ ಆಗಲ್ಲ, ಕಾರ್ಡ್ ಇದೆ,” ಎಂದು ಮೇಸ್ತ್ರಿ ಎದೆಯ ಮೇಲಿನ ಕಾರ್ಡನ್ನು ತಟ್ಟಿಕೊಂಡ. ಆಮೇಲೆ ಮಗಳಿಗೆಂದು ಸುಗಂಧರಾಜದ ದೊಡ್ಡದೊಂದು ಕಟ್ಟನ್ನು ಆರಿಸಿ, ಸುತ್ತಿದ್ದ ಕಾಗದ ಬಿಚ್ಚಿದ. ಘಮ್ಮೆಂದು ಕೋಣೆಯೆಲ್ಲ ತುಂಬಿತು. ಒಂದರ ಮೇಲೊಂದು ಮಾಸ್ಕು ಹಾಕಿಕೊಂಡಿದ್ದ ನಾದಿನಿಗೂ ಆ ಘಮಕ್ಕೆ ತಲೆ ಸುತ್ತಿದಂತಾಗಿ, ಅವಳು ಗೋಡೆ ಹಿಡಿದುಕೊಂಡಳು.

ಮೇಸ್ತ್ರಿ ಮುಖವನ್ನು ಮೀಸೆಯ ಸಮೇತ ಹೂವಿನೊಳಗೆ ಹುದುಗಿಸಿ ಉಸಿರೆಳೆದ. ಇನ್ನೊಮ್ಮೆ ಎಳೆದ. ಆಮೇಲೆ ತಲೆ ಎತ್ತಿ, ಮೋಸಹೋದವನ ಹಾಗೆ ಇಬ್ಬರನ್ನೂ ನೋಡಿದ.

“ಏನ್ರಮ್ಮಾ ಇದು? ಇವತ್ತಿನ ಹೂವಿಗೆ ವಾಸನೇನೇ ಇಲ್ಲ!”