ಪಟ್ಟಿಯಲ್ಲಿಲ್ಲದ ಕಾಗೆ

ಅಂದು ಮಾವನವರ ತಿಥಿ. ತಾರಸಿಯ ಮೇಲೆ ಪಿಂಡವಿಟ್ಟು ಎಷ್ಟು ಹೊತ್ತಾದರೂ ಒಂದು ಕಾಗೆಯೂ ಬರದಿದ್ದಾಗ ವಾರಿಜೆಗೆ ತಾನು ನಿನ್ನೆ ಬರೆದ ಪಟ್ಟಿ ನೆನಪಾಯಿತು.

ಬಡಾವಣೆಯ ಜೀವಿಗಳ ವಾರ್ಷಿಕ ಪಟ್ಟಿ ಬರೆಯುವವಳು ಅವಳೇ. ಪಟ್ಟಿಯಲ್ಲಿ ಹೆಸರಿಲ್ಲದ್ದು ಬೆಳಗಾಗುವುದರೊಳಗೆ ಬಡಾವಣೆಯಿಂದ ಮಾಯವಾಗುತ್ತದೆಂದು ಮಕ್ಕಳಿಗೂ ಗೊತ್ತು. ಹೋದ ವರ್ಷ ಓತಿಕ್ಯಾತ ಹೋದದ್ದೂ ಹಾಗೆಯೇ. ನಿನ್ನೆ ಅವಳು ಕೆರೆಯ ಸುತ್ತ ಅಲೆದು ಅಪರೂಪದ ನವರಂಗ ಹಕ್ಕಿಯನ್ನು ಬರೆದು ಎಲ್ಲರ ಶಹಬ್ಬಾಸ್‌ಗಿರಿ ಗಿಟ್ಟಿಸಿದ್ದಳು. ಕಾಗೆ ತಾನೆ, ಅದನ್ನೇನು ಬರೆಯುವುದು ಎಂದು ಬಿಟ್ಟಿದ್ದಳು.

ಅತ್ತೆ ಪದ್ಮಾವತಮ್ಮ ಖಾಲಿ ಆಕಾಶಕ್ಕೆ ಕೈಮುಗಿದರು. "ಅವರಿಗೆ ನನ್ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ ಕಣೆ. ಕೊನೇ ದಿನ ಕಾಫಿ ಕೇಳಿದ್ರು. ಆಮೇಲೆ ಕೊಡ್ತೀನಿ ಅಂದ್ಬಿಟ್ಟೆ."

ನಿಜ ಹೇಳಲೆಂದು ಬಾಯಿ ತೆರೆದ ವಾರಿಜೆ, ಅದನ್ನು ಹೇಳದೆ ಅತ್ತೆಯ ಪಕ್ಕ ನಿಂತು, ಬಾರದೆಂದು ಗೊತ್ತಿದ್ದೂ, "ಕಾ... ಕಾ..." ಎಂದು ಕಾಗೆಯನ್ನು ಕರೆದಳು.